ಒಂದೇ ರೀಚಾರ್ಜ್, ಎರಡು ಫೋನ್: ಏನು ಹಂಚಬಹುದು, ಏನು ಆಗಲ್ಲ

ಒಂದು ಸಿಮ್‌ಗೆ ಪ್ರಿಪೇಯ್ಡ್ ಪ್ಯಾಕ್ ಹಾಕಿಸಿ ಎರಡು ಫೋನಿನಲ್ಲಿ ನಡೆಸಬಹುದಾ? ಡೇಟಾ ಮಟ್ಟಿಗೆ ಹೌದು, ನಂಬರ್ ಮಟ್ಟಿಗೆ ಇಲ್ಲ.

ಯಾಕೆ ಅಂದರೆ ಪ್ಯಾಕ್ ಸೇರುವುದು ಫೋನಿಗಲ್ಲ, ಸಿಮ್‌ಗೆ. ಪ್ರತಿ ಸಿಮ್ ಒಳಗೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ, ಜೊತೆಗೆ ಹೊರಗೆ ಓದೋಕೆ ಸಿಗದ ಒಂದು ಗುಟ್ಟಿನ ಕೀ. ನೆಟ್‌ವರ್ಕ್ ಅದನ್ನು ಪರೀಕ್ಷೆ ಮಾಡಿ, ಈ ಸಿಮ್ ಈಗ ಇಂಥ ಕಡೆ ಇದೆ ಅಂತ ಬರೆದುಕೊಳ್ಳುತ್ತದೆ, ಕಾಲ್ ಬಂದರೆ ಅಲ್ಲಿಗೇ ಕಳಿಸುತ್ತದೆ. ಒಂದೇ ಸಿಮ್ ಎರಡು ಕಡೆ ಇದೆ ಅಂತ ಬರೆದುಕೊಳ್ಳುವ ವ್ಯವಸ್ಥೆ ಅಲ್ಲಿಲ್ಲ. ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಇ-ಸಿಮ್‌ಗೂ ಇದೇ ಮಾತು, ಒಂದು ಇ-ಸಿಮ್ ಒಂದು ಹೊತ್ತಿಗೆ ಒಂದೇ ಫೋನಿನಲ್ಲಿ. ಸಿಮ್ ಕಾಪಿ ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಸಿಮ್ ಅವರ ಕೈಗೆ ಕೊಡಲೇಬೇಡಿ, ಬ್ಯಾಂಕಿನ ಒಟಿಪಿ ಬರೋದೂ ಅದೇ ನಂಬರಿಗೆ ಅಲ್ವಾ.

ಒಂದೇ ಪ್ಲಾನ್ ಅಡಿಯಲ್ಲಿ ಎರಡನೇ ಸಿಮ್ ಕೊಡುವ ಕಂಪನಿಗಳಿವೆ. ಆದರೆ ಅದು ಸಾಮಾನ್ಯವಾಗಿ ಪೋಸ್ಟ್‌ಪೇಯ್ಡ್‌ನಲ್ಲಿ ಸಿಗುವ ಸೌಲಭ್ಯ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಒಮ್ಮೆ ಹುಡುಕಿ. ಇಲ್ಲ ಅಂದರೆ ಉಳಿಯೋದು ಹಾಟ್‌ಸ್ಪಾಟ್, ಅಂದರೆ ಸಿಮ್ ಇರುವ ಫೋನಿನ ಡೇಟಾವನ್ನು ವೈಫೈ ಮಾಡಿ ಇನ್ನೊಂದಕ್ಕೆ ಕೊಡೋದು.

ಹಾಟ್‌ಸ್ಪಾಟ್ ಹಾಕೋದು ಎಲ್ಲರಿಗೂ ಗೊತ್ತು, ಹಾಗಾಗಿ ಬೇಗ ಮುಗಿಸುತ್ತೇನೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ವಿಭಾಗದಲ್ಲಿ 'ಹಾಟ್‌ಸ್ಪಾಟ್ ಮತ್ತು ಟೆಥರಿಂಗ್' ಅಂತ ಇರುತ್ತದೆ, ಐಫೋನ್‌ನಲ್ಲಿ 'ಪರ್ಸನಲ್ ಹಾಟ್‌ಸ್ಪಾಟ್'. ಪಾಸ್‌ವರ್ಡ್ ಇಲ್ಲದೆ ಬಿಡಬೇಡಿ, ಪಕ್ಕದವರ ಫೋನ್ ಸೇರಿಕೊಂಡು ನಿಮ್ಮ ಡೇಟಾ ಕುಡಿಯುತ್ತದೆ. ಎರಡನೇ ಫೋನ್ ಹಳೆಯದಾಗಿದ್ದು ಪಾಸ್‌ವರ್ಡ್ ಸರಿ ಇದ್ದರೂ ಸೇರುತ್ತಿಲ್ಲ ಅಂದರೆ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿಯನ್ನು ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ಬಗೆ) ಬದಲು ಹಳೆಯ ಡಬ್ಲ್ಯುಪಿಎ2 ಮಾಡಿ ನೋಡಿ. ಹಾಟ್‌ಸ್ಪಾಟ್ ಹೆಸರೇ ಕಾಣುತ್ತಿಲ್ಲ ಅಂದರೆ ವೈಫೈ ಬ್ಯಾಂಡನ್ನು 5 ಗಿಗಾಹರ್ಟ್ಸ್‌ನಿಂದ 2.4ಕ್ಕೆ ಇಳಿಸಿ, ಐಫೋನ್‌ನಲ್ಲಿ ಇದಕ್ಕೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಅಂತ ಒಂದು ಸ್ವಿಚ್ ಇದೆ. 2.4 ಗೋಡೆ ದಾಟಿ ದೂರ ಹೋಗುತ್ತದೆ, 5 ವೇಗ ಜಾಸ್ತಿ. ಪಕ್ಕದ ರೂಮಿಗೆ ಬೇಕು ಅಂದರೆ 2.4 ಸಾಕು. ಪ್ಯಾಕ್ ತಗೊಳ್ಳುವ ಮುಂಚೆ ಅದರಲ್ಲಿ ಹಾಟ್‌ಸ್ಪಾಟ್‌ಗೆ ತಡೆ ಇದೆಯಾ ಅಂತಲೂ ಓದಿಕೊಳ್ಳಿ, ಕೆಲವು ಪ್ಯಾಕ್‌ಗಳಲ್ಲಿ ಇರುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗೋದೇ ಈಗ, ಅದೂ ಎರಡನೇ ಫೋನಿನಲ್ಲಿ.

ಎರಡನೇ ಫೋನ್‌ಗೆ ಕಾಣೋದು ಒಂದು ವೈಫೈ, ಅಷ್ಟೇ. ವೈಫೈ ಅಂದರೆ ಬಿಟ್ಟಿ, ಎಷ್ಟು ಬೇಕಾದರೂ ಎಳೆಯಬಹುದು ಅಂತ ಅದರ ಆ್ಯಪ್‌ಗಳೆಲ್ಲ ಮೊದಲಿನಿಂದಲೂ ನಂಬಿಕೊಂಡಿವೆ. ದಿನವಿಡೀ ಸುಮ್ನೆ ಮಲಗಿದ್ದ ಫೋನು ಹಾಟ್‌ಸ್ಪಾಟ್‌ಗೆ ಸೇರಿದ ತಕ್ಷಣ ಎದ್ದು ಕೂತು, ಬಾಕಿ ಇದ್ದ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್, ಸಿಸ್ಟಂ ಅಪ್‌ಡೇಟ್ ಎಲ್ಲ ಒಟ್ಟಿಗೆ ಶುರು ಹಚ್ಚುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದವರಿಗೆ ಬೆಳಿಗ್ಗೆ ಹತ್ತಕ್ಕೇ ಡೇಟಾ ಮುಗಿಯಿತು ಅಂತ ಮೆಸೇಜ್ ಬರುತ್ತದೆ. ಮನೆಯಲ್ಲಿ ಯಾರೂ ವಿಡಿಯೊ ನೋಡಿಲ್ಲ ಅಂತ ಆಣೆ ಇಟ್ಟು ಹೇಳುತ್ತಾರೆ, ಅವರು ಹೇಳೋದು ಸತ್ಯವೇ ಇರಬಹುದು.

ಹಾಗಾಗಿ ಮೊದಲು ಎರಡನೇ ಫೋನಿಗೆ ಇದು ದುಡ್ಡು ಕೊಟ್ಟ ಡೇಟಾ ಅಂತ ತಿಳಿಸಿ. ಆಂಡ್ರಾಯ್ಡ್ ಆದರೆ ವೈಫೈ ಪಟ್ಟಿಯಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, ಒಳಗೆ ನೆಟ್‌ವರ್ಕ್ ಬಳಕೆಯ ಜಾಗದಲ್ಲಿ 'ಮೀಟರ್ಡ್' (ಅಳತೆ ಇರುವ ಡೇಟಾ) ಅನ್ನೋದನ್ನು ಆರಿಸಿ. 'ತಾನಾಗಿ ಗುರುತಿಸು' ಅಂತಲೂ ಒಂದು ಆಯ್ಕೆ ಇದೆ, ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಅದು ಕೆಲಸ ಮಾಡುತ್ತದೆ, ಆದರೂ ನಾನಂತೂ ಕೈಯಾರೆ ಹಾಕುತ್ತೇನೆ. ಎರಡನೆಯದು ಐಫೋನ್ ಆದರೆ ವೈಫೈ ಹೆಸರಿನ ಪಕ್ಕದ 'ಐ' ಗುರುತು ಒತ್ತಿ 'ಲೋ ಡೇಟಾ ಮೋಡ್' ಆನ್ ಮಾಡಿ.

ಇಷ್ಟಕ್ಕೇ ಎಲ್ಲ ಆ್ಯಪ್‌ಗಳೂ ಸುಮ್ಮನಾಗಲ್ಲ. ಯೂಟ್ಯೂಬ್ ತೆಗೆದು ಸೆಟ್ಟಿಂಗ್ಸ್ ನೋಡಿ, ವಿಡಿಯೊ ಗುಣಮಟ್ಟಕ್ಕೆ ಎರಡು ಬೇರೆ ಬೇರೆ ಸಾಲುಗಳಿವೆ, ಮೊಬೈಲ್ ಡೇಟಾಗೆ ಒಂದು, ವೈಫೈಗೆ ಒಂದು. ಎರಡನೇ ಫೋನಿನಲ್ಲಿ ವೈಫೈ ಸಾಲನ್ನೇ 'ಡೇಟಾ ಸೇವರ್'ಗೆ ಇಳಿಸಬೇಕು, ಮೊಬೈಲ್ ಡೇಟಾ ಸಾಲು ಮುಟ್ಟಿದರೆ ಏನೂ ಪ್ರಯೋಜನ ಇಲ್ಲ. ವಾಟ್ಸಾಪ್‌ನ ಆಟೊ ಡೌನ್‌ಲೋಡ್‌ಗೂ ಹೀಗೇ, 'ವೈಫೈನಲ್ಲಿದ್ದಾಗ' ಅನ್ನೋ ಜಾಗದಲ್ಲಿರುವ ಟಿಕ್‌ಗಳನ್ನೆಲ್ಲ ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ನಿಲ್ಲಿಸಿ, ಫೋಟೊ ಬ್ಯಾಕಪ್ ಆಫ್ ಮಾಡಿ, ಬೇರೆ ವೈಫೈ ಸಿಕ್ಕ ದಿನ ಎರಡನ್ನೂ ಮಾಡಿಕೊಳ್ಳಿ. ವಿಡಿಯೊ ಎಷ್ಟು ತಿನ್ನುತ್ತದೆ ಅನ್ನೋಕೆ ನೆಟ್‌ಫ್ಲಿಕ್ಸ್ ತಾನೇ ಕೊಡುವ ಲೆಕ್ಕ ನೋಡಿ: ಗಂಟೆಗೆ ಸಾಧಾರಣ ಗುಣಮಟ್ಟದಲ್ಲಿ 1 ಜಿಬಿವರೆಗೆ, ಎಚ್‌ಡಿಯಲ್ಲಿ 3 ಜಿಬಿವರೆಗೆ. ಒಂದು ಸಿನಿಮಾ ಅರ್ಧಕ್ಕೆ ಬರೋ ಹೊತ್ತಿಗೆ ಇಬ್ಬರ ದಿನದ ಪಾಲೂ ಮುಗಿದಿರುತ್ತದೆ.

ಯಾರು ಎಷ್ಟು ಬಳಸಿದರು ಅನ್ನೋ ಜಗಳ ಬಂದರೆ ಲೆಕ್ಕ ಸಿಮ್ ಇರುವ ಫೋನಿನಲ್ಲೇ ಇದೆ. ಆಂಡ್ರಾಯ್ಡ್‌ನ ಮೊಬೈಲ್ ಡೇಟಾ ಬಳಕೆಯ ಪಟ್ಟಿಯಲ್ಲಿ ಆ್ಯಪ್‌ಗಳ ಜೊತೆಗೆ ಹಾಟ್‌ಸ್ಪಾಟ್‌ಗೂ ಒಂದು ಸಾಲು ಇರುತ್ತದೆ. ಐಫೋನ್‌ನಲ್ಲಿ ಮೊಬೈಲ್ ಡೇಟಾ ಒಳಗೆ ಪರ್ಸನಲ್ ಹಾಟ್‌ಸ್ಪಾಟ್ ಸಾಲು ಒತ್ತಿದರೆ ಯಾವ ಫೋನು ಎಷ್ಟು ಎಳೆಯಿತು ಅನ್ನೋದೂ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಡೇಟಾ ಎಚ್ಚರಿಕೆ ಇಡುವ ಜಾಗವೂ ಇದೆ, ಇಟ್ಟುಬಿಡಿ.

ಇನ್ನು ಬ್ಯಾಟರಿ. ಹಾಟ್‌ಸ್ಪಾಟ್ ಹಾಕಿದ ಫೋನ್ ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ, ಸಿಗ್ನಲ್ ಕಡಿಮೆ ಇರೋ ಕಡೆ ಇನ್ನೂ ಬೇಗ. ದಿಂಬಿನ ಕೆಳಗೆ ಇಡಬೇಡಿ. ಯಾರೂ ಸೇರಿಲ್ಲದಿದ್ದರೆ ತಾನಾಗಿ ಆಫ್ ಆಗುವ ಆಯ್ಕೆ ಆನ್ ಇರಲಿ. ಬರೀ ಮೆಸೇಜ್ ಸಾಕು ಅನ್ನುವವರಿಗೆ ಬ್ಲೂಟೂತ್ ಟೆಥರಿಂಗ್ ಇದೆ, ಅಂದರೆ ವೈಫೈ ಬದಲು ಬ್ಲೂಟೂತ್‌ನಲ್ಲಿ ಡೇಟಾ ಹಂಚೋದು, ನಿಧಾನ ಆದರೆ ಬ್ಯಾಟರಿ ಉಳಿಯುತ್ತದೆ. ಎರಡು ಫೋನಿನ ನಡುವೆ ಫೋಟೊ, ವಿಡಿಯೊ ಕಳಿಸೋಕೆ ಮಾತ್ರ ದಯವಿಟ್ಟು ವಾಟ್ಸಾಪ್ ಬಳಸಬೇಡಿ, ಒಮ್ಮೆ ಮೇಲೆ ಹೋಗೋಕೆ, ಒಮ್ಮೆ ಕೆಳಗೆ ಬರೋಕೆ ಅಂತ ಒಂದೇ ಪ್ಯಾಕ್‌ನಿಂದ ಎರಡು ಸಲ ಡೇಟಾ ಹೋಗುತ್ತದೆ. ಫೋನಿನಿಂದ ಫೋನಿಗೆ ನೇರವಾಗಿ ಕಳಿಸೋಕೆ ಆಂಡ್ರಾಯ್ಡ್‌ನಲ್ಲಿ ಕ್ವಿಕ್ ಶೇರ್, ಐಫೋನ್‌ನಲ್ಲಿ ಏರ್‌ಡ್ರಾಪ್ ಇದೆಯಲ್ಲ.

ಒಂದೇ ವಾಟ್ಸಾಪ್ ಎರಡೂ ಫೋನಿನಲ್ಲಿ ಬೇಕು ಅನ್ನುವವರಿಗೆ 2023ರಿಂದ ದಾರಿ ಸುಲಭವಾಗಿದೆ. ಎರಡನೇ ಫೋನಿನಲ್ಲಿ ವಾಟ್ಸಾಪ್ ಹಾಕಿ, ನಂಬರ್ ಕೇಳುವ ಪರದೆ ಬಂದಾಗ ನಂಬರ್ ಹಾಕಬೇಡಿ, ಮೂರು ಚುಕ್ಕಿ ಒತ್ತಿ ಇರುವ ಖಾತೆಗೆ ಲಿಂಕ್ ಮಾಡುವ ಆಯ್ಕೆ ತೆಗೆದುಕೊಳ್ಳಿ. ಬರುವ ಕ್ಯೂಆರ್ ಕೋಡನ್ನು ಮೊದಲ ಫೋನಿನ 'ಲಿಂಕ್ಡ್ ಡಿವೈಸಸ್'ನಿಂದ ಸ್ಕ್ಯಾನ್ ಮಾಡಿ. ಹೀಗೆ ನಾಲ್ಕು ಸಾಧನ ಸೇರಿಸಬಹುದು. ಅಲ್ಲಿ ಅವಸರಕ್ಕೆ ನಂಬರ್ ಹಾಕಿ ಒಟಿಪಿ ಕೊಟ್ಟರೆ ಮೊದಲ ಫೋನಿನಿಂದ ಖಾತೆ ಹೊರಗೆ ಬೀಳುತ್ತದೆ. ಮೊದಲ ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಲಿಂಕ್ ತಾನಾಗಿ ಕಡಿಯುತ್ತದೆ. ಇದು ಒಬ್ಬರೇ ಎರಡು ಫೋನ್ ಬಳಸುವವರಿಗೆ. ಗಂಡ ಹೆಂಡತಿ ಇಬ್ಬರೂ ಒಂದೇ ಖಾತೆಗೆ ಸೇರಿದರೆ ಎಲ್ಲ ಚಾಟ್ ಇಬ್ಬರಿಗೂ ಕಾಣುತ್ತದೆ, ಆಮೇಲಿನದು ನಿಮ್ಮಿಷ್ಟ.

ಕಾಲ್‌ಗೆ ಬಂದರೆ, ಎರಡನೇ ಫೋನಿನಲ್ಲಿ ಬೇರೆ ಸಿಮ್ ಇದ್ದು ಅದಕ್ಕೆ ಇನ್‌ಕಮಿಂಗ್ ಬರುತ್ತಿದ್ದರೆ ಮೊದಲ ನಂಬರಿನ ಕಾಲ್‌ಗಳನ್ನು ಅದಕ್ಕೆ ಫಾರ್ವರ್ಡ್ ಮಾಡಬಹುದು. ಮೊದಲ ಫೋನಿನಿಂದ *21* ಒತ್ತಿ, ಎರಡನೇ ನಂಬರ್ ಹಾಕಿ, # ಹಾಕಿ ಡಯಲ್ ಮಾಡಿ, ಕೋಡ್ ನಡೆಯದಿದ್ದರೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಿಲ್ಲಿಸೋಕೆ ##21#, ಆನ್ ಇದೆಯಾ ನೋಡೋಕೆ *#21#. ಫಾರ್ವರ್ಡ್ ಆದ ಕಾಲ್ ಸಾಮಾನ್ಯವಾಗಿ ನಿಮ್ಮ ಪ್ಯಾಕ್‌ನ ಔಟ್‌ಗೋಯಿಂಗ್ ಲೆಕ್ಕಕ್ಕೆ ಹೋಗುತ್ತದೆ. ಎಸ್‌ಎಂಎಸ್ ಫಾರ್ವರ್ಡ್ ಆಗಲ್ಲ, ಹಾಗಾಗಿ ಒಟಿಪಿ ಬೇಕಾದಾಗ ಮೊದಲ ಫೋನ್ ಹುಡುಕಲೇಬೇಕು. ಯಾರೋ ಫೋನ್ ಮಾಡಿ ಇಂಥದೇ ಕೋಡ್ ಒತ್ತಿ ಅಂದರೆ ಒತ್ತಬೇಡಿ, ನಿಮ್ಮ ಕಾಲ್‌ಗಳನ್ನು ಅವರ ಕಡೆ ತಿರುಗಿಸಿಕೊಳ್ಳುವ ಮೋಸ ಅದು. ಈಗಾಗಲೇ ಒತ್ತಿದ್ದರೆ ##002# ಎಲ್ಲ ಫಾರ್ವರ್ಡ್‌ಗಳನ್ನೂ ತೆಗೆಯುತ್ತದೆ.

ದಿನಾ ಸಿಮ್ ಕಿತ್ತು ಆ ಫೋನಿಗೆ ಈ ಫೋನಿಗೆ ಹಾಕುವವರೂ ಇದ್ದಾರೆ. ಆಗುತ್ತದೆ, ಆದರೆ ಟ್ರೇ ಸವೆಯುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳು ಸಿಮ್ ಕಾಣದಿದ್ದರೆ ಮತ್ತೆ ನೋಂದಣಿ ಕೇಳುತ್ತವೆ. ಸಿಮ್‌ಗೆ ಪಿನ್ ಇದ್ದರೆ ಮೂರು ಸಲ ತಪ್ಪಾದಾಗ ಪಿಯುಕೆ (ಸಿಮ್ ಬೀಗ ತೆಗೆಯುವ ಕೋಡ್) ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ.

ಹಾಟ್‌ಸ್ಪಾಟ್ ಭರವಸೆಯ ಮೇಲೆ ಎರಡನೇ ಸಿಮ್‌ಗೆ ರೀಚಾರ್ಜನ್ನೇ ಬಿಟ್ಟುಬಿಡಬೇಡಿ. ಬಹಳ ದಿನ ರೀಚಾರ್ಜ್ ಇಲ್ಲದ ನಂಬರನ್ನು ಕಂಪನಿಗಳು ವಾಪಸ್ ತೆಗೆದುಕೊಂಡು ಬೇರೆಯವರಿಗೆ ಕೊಡುತ್ತವೆ. ಆ ನಂಬರಿನಲ್ಲಿ ವಾಟ್ಸಾಪ್, ಇಮೇಲ್, ಬ್ಯಾಂಕ್ ಏನೇ ಇದ್ದರೂ ಅದರ ಒಟಿಪಿ ಹೊಸಬರ ಕೈಗೆ ಹೋಗುತ್ತದೆ. ನಂಬರ್ ಜೀವಂತ ಇಡುವಷ್ಟು ಚಿಕ್ಕ ಪ್ಯಾಕ್ ಅದಕ್ಕೂ ಹಾಕಿ, ಡೇಟಾ ಮಾತ್ರ ಮೊದಲನೆಯದರಿಂದ ತಗೊಳ್ಳಿ.