ಮುಖ ಮುಚ್ಚಿ ನೋಡಿದ ಪಟ

ಜಯನಗರದ ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಆರೇಳು ಮಕ್ಕಳಿಗೆ ಚಿತ್ರ ಬರೆಯೋದು ಹೇಳಿಕೊಡುತ್ತೇನೆ. ಒಂದು ವಾರ ಬಣ್ಣ ಪಕ್ಕಕ್ಕಿಟ್ಟು, ಸುಮ್ನೆ ಒಂದು ಪಟ ನೋಡೋಣ ಅನ್ನಿಸಿತು. ಆರಿಸಿದ್ದು ಮೆಕ್ಸಿಕೋದ ಸನ್ಯಾಸಿನಿ, ಕವಿ ಸೋರ್ ಹುವಾನಾಳ ಭಾವಚಿತ್ರ. 1750ರ ಸುಮಾರಿಗೆ ಮಿಗೆಲ್ ಕಬ್ರೆರಾ ಬರೆದದ್ದು.

ಹಿಂದಿನ ರಾತ್ರಿ ಟಿಪ್ಪಣಿ ಮಾಡಿಕೊಂಡೆ. ಕಣ್ಣಲ್ಲಿ ದುಃಖ, ತುಟಿಯಲ್ಲಿ ಹಟ ಅಂತೆಲ್ಲ ಅರ್ಧ ಪುಟ. ಆಮೇಲೆ ಇಸವಿ ನೋಡಿದೆ. ಆಕೆ ತೀರಿಕೊಂಡದ್ದು 1695ರಲ್ಲಿ! ಎದುರಿಗೆ ಕೂರಿಸಿಕೊಂಡು ಬರೆದ ಮುಖವೇ ಅಲ್ಲ ಅದು. ನನ್ನ ಅರ್ಧ ಪುಟ ಕಸದ ಬುಟ್ಟಿಗೆ ಹೋಯಿತು. ನಮ್ಮ ಅಕ್ಕಮಹಾದೇವಿಯ ಮುಖವನ್ನೂ ಕ್ಯಾಲೆಂಡರಿನಲ್ಲಿ ನೋಡಿಯೇ ತಾನೇ ನಾವು ಗುರುತು ಹಿಡಿಯೋದು?

ಬೆಳಿಗ್ಗೆ ಪ್ರಿಂಟಿನ ಮೇಲೆ, ಮುಖಕ್ಕೆ ಸರಿಯಾಗಿ, ಹಳೆ ಲಗ್ನಪತ್ರಿಕೆಯ ತುಂಡು ಅಂಟಿಸಿದೆ. ಉಳಿದದ್ದನ್ನು ನೋಡಿ ಹೇಳಿ ಎಂದೆ.

‘ಕತ್ತಿನ ಕೆಳಗೆ ತಟ್ಟೆ ಯಾಕೆ?’ ಎಂದ ಒಬ್ಬ. ಅದು ಅಲ್ಲಿನ ಸನ್ಯಾಸಿನಿಯರು ಧರಿಸುತ್ತಿದ್ದ ಬಿಲ್ಲೆ. ದೇವದೂತ ಮೇರಿಗೆ ಸುದ್ದಿ ತರುವ ದೃಶ್ಯ ಅದರೊಳಗಿದೆ. ಪ್ರಿಂಟ್ ಕಪ್ಪಾಗಿ ಬಂದದ್ದರಿಂದ ನಾನೇ ಬಾಯಲ್ಲಿ ಹೇಳಬೇಕಾಯಿತು.

ಜಾಸ್ತಿ ಹೊತ್ತು ನಿಂತದ್ದು ಕೈಗಳ ಮೇಲೆ. ಒಂದು ಕೈಯಲ್ಲಿ ಜಪಸರ, ಇನ್ನೊಂದು ಪುಸ್ತಕದ ಹಾಳೆಯ ಮೇಲೆ. ಮೇಜಿನ ಮೇಲೆ ಗರಿ ಲೇಖನಿ. ಹಿಂದೆ ಕಪಾಟಿನ ತುಂಬ ದಪ್ಪ ದಪ್ಪ ಗ್ರಂಥ. ಆಗ ಹೀಗೆ ಪುಸ್ತಕಗಳ ನಡುವೆ ಕೂರಿಸಿ ಬರೆಯುತ್ತಿದ್ದದ್ದು ಹೆಚ್ಚಾಗಿ ಗಂಡಸರನ್ನು, ಪಂಡಿತರನ್ನು, ಪಾದ್ರಿಗಳನ್ನು. ಕಬ್ರೆರಾ ಆ ಕುರ್ಚಿಯನ್ನು ಇವಳಿಗೆ ಕೊಟ್ಟಿದ್ದಾನೆ. ಲೌಕಿಕ ಓದು ಸಾಕು ಎಂದು ಬಿಷಪ್ ಒಬ್ಬರು ಬುದ್ಧಿ ಹೇಳಿದ್ದಕ್ಕೆ, ಹೆಂಗಸರೂ ಓದಬೇಕೆಂದು 1691ರಲ್ಲಿ ಉದ್ದನೆಯ ಉತ್ತರ ಬರೆದವಳು ಈಕೆ. ಕೊನೆಗಾಲದಲ್ಲಿ ಪುಸ್ತಕಗಳನ್ನು ಮಾರಿ ಬಡವರಿಗೆ ಹಂಚಿದಳು ಎಂದು ಆಕೆಯ ಮೊದಲ ಚರಿತ್ರೆಕಾರ ಬರೆದಿದ್ದಾನೆ. ಪಟದಲ್ಲಿ ಮಾತ್ರ ಕಪಾಟು ಭರ್ತಿ.

‘ಹಾಗಾದ್ರೆ ಜಪಸರ ಯಾಕೆ ಸಾರ್, ಬೈಬಾರದು ಅಂತಾನಾ?’ ಎಂದಳು ಚಿಕ್ಕವಳೊಬ್ಬಳು. ನನಗಂತೂ ಅದು ಹೊಳೆದಿರಲಿಲ್ಲ. ಇರಬಹುದು ಎಂದೆ. ಆದರೆ ಆಕೆ ನಿಜಕ್ಕೂ ಮಠದಲ್ಲಿದ್ದವಳು, ಜಪಸರ ಬರೀ ವೇಷವಲ್ಲ ಎಂದೂ ಸೇರಿಸಿದೆ.

ಕೊನೆಗೆ ಎಲ್ಲರಿಗೂ ಮುಖ ನೋಡುವ ಆಸೆ. ತುಂಡು ಕೀಳುವಾಗ ಅಂಟಿನ ಜೊತೆ ಮೂಗೂ ಎದ್ದು ಬಂತು.