ಒಂದೇ ಪೀಕ್ ನೋಡಿ ರಚನೆ ಹೇಳಬೇಡಿ: ಎಸ್‌ಐಎಸ್ ಫಿಲ್ಮ್‌ನ ಸ್ಯಾಕ್ಸ್, ನಮ್ಮ ಅನುಭವ

ಸ್ಯಾಕ್ಸ್ ಅಂದರೆ ಸಣ್ಣ ಕೋನಕ್ಕೆ ಚದುರುವ ಎಕ್ಸ್-ಕಿರಣ ಅಳೆದು ನ್ಯಾನೋಮೀಟರ್ ಮಟ್ಟದ ರಚನೆ ತಿಳಿಯುವ ವಿಧಾನ. ತುಮಕೂರಿನ ನಮ್ಮ ಲ್ಯಾಬ್‌ನಲ್ಲಿ ಅದರ ಯಂತ್ರವಿಲ್ಲ. ಫಿಲ್ಮ್ ಇಲ್ಲಿ ಮಾಡಿ, 70 ಕಿ.ಮೀ. ದೂರದ ಬೆಂಗಳೂರಿಗೆ ಒಯ್ಯುತ್ತೇವೆ. ಹೀಗಾಗಿ ಅರ್ಧ ಕೆಲಸ ಇಲ್ಲೇ ಸರಿಯಾಗಬೇಕು.

ಎಸ್‌ಐಎಸ್ ಅಂದರೆ ಸ್ಟೈರೀನ್-ಐಸೊಪ್ರೀನ್-ಸ್ಟೈರೀನ್ ಸರಪಳಿಗಳ ರಬ್ಬರ್; ಅದರಲ್ಲಿ ಸ್ಟೈರೀನ್ ಭಾಗಗಳು ಬೇರೆಯಾಗಿ ಐಸೊಪ್ರೀನ್ ನಡುವೆ ಸಿಲಿಂಡರ್ ಅಥವಾ ಗೋಳಗಳಾಗಿ ಕೂಡಿಕೊಳ್ಳುತ್ತವೆ. ಸ್ಟೈರೀನ್ 22% ಇರುವ ಎಸ್‌ಐಎಸ್ 1 ಗ್ರಾಂ, 10 ಮಿಲೀ ಟಾಲ್ಯೂಯಿನ್, ಜೊತೆಗೆ ಆಕ್ಸಿಡೀಕರಣ ತಡೆಯಲು 5 ಮಿಗ್ರಾಂ ಬಿಎಚ್‌ಟಿ. 6 ಸೆಂಮೀ ಅಗಲದ ಟೆಫ್ಲಾನ್ ತಟ್ಟೆಗೆ ಸುರಿದರೆ ಒಣಗಿದ ಮೇಲೆ ಸುಮಾರು 0.4 ಮಿಮೀ ದಪ್ಪ. ಮೇಲೆ ತೂತು ಮಾಡಿದ ಅಲ್ಯುಮಿನಿಯಂ ಹಾಳೆ ಮುಚ್ಚಬೇಕು. ಬೇಸಿಗೆಯಲ್ಲಿ ದ್ರಾವಕ ಬೇಗ ಹಾರಿ ಮೇಲೆ ಕೆನೆ ಕಟ್ಟುತ್ತದೆ. ಮಳೆಗಾಲದಲ್ಲಿ ಅದೇ ವೇಗಕ್ಕೆ ಫಿಲ್ಮ್ ತಣ್ಣಗಾಗಿ ತೇವ ಹೀರಿ ಬಿಳಿಚಿಕೊಳ್ಳುತ್ತದೆ. ಆಮೇಲೆ ವ್ಯಾಕ್ಯೂಮ್ ಓವನ್‌ನಲ್ಲಿ 120 ಡಿಗ್ರಿ, ಒಂದು ರಾತ್ರಿ. ಕರೆಂಟ್ ಹೋದರೆ ಮೊದಲು ಪಂಪ್ ಕಡೆಯ ವಾಲ್ವ್ ಮುಚ್ಚಿ. ಬಿಸಿ ಐಸೊಪ್ರೀನಿಗೆ ಗಾಳಿ ತಾಗಿದರೆ ಸರಪಳಿಗಳು ಮುಖ್ಯವಾಗಿ ತುಂಡಾಗುತ್ತವೆ, ಕೆಲವು ಒಂದಕ್ಕೊಂದು ಬೆಸೆದುಕೊಳ್ಳಲೂಬಹುದು. ಬೆಸೆದುಕೊಂಡ ಅನುಮಾನವಿದ್ದರೆ ಚೂರೊಂದನ್ನು ಟಾಲ್ಯೂಯಿನ್‌ಗೆ ಹಾಕಿ. ಕರಗದೆ ಉಬ್ಬಿದರೆ ಆ ಫಿಲ್ಮ್ ಬಿಸಾಡಿ.

ಮೂರು ಪದರ ಒತ್ತಿ ಸುಮಾರು 1 ಮಿಮೀ ಮಾಡುತ್ತೇವೆ. ನಡುವೆ ಗಾಳಿಗುಳ್ಳೆ ಬೇಡ. ರಬ್ಬರಿನಂತೆ ತಾನೇ ನಿಲ್ಲುವುದರಿಂದ ಟೇಪ್ ಬೇಕಿಲ್ಲ. ಟೇಪ್ ಹಾಕಿದರೆ ಅದರ ಚದುರುವಿಕೆಯನ್ನೂ ಕಳೆಯಬೇಕಾಗುತ್ತದೆ. ಯಂತ್ರದ ಅಳತೆ ಸರಿಹೊಂದಿಸಲು ಬಳಸುವ ಸಿಲ್ವರ್ ಬೆಹೆನೇಟ್‌ನ ಮೊದಲ ಉಂಗುರ ಕ್ಯೂ (ಚದುರುವ ಕೋನವನ್ನು ಹೇಳುವ ಅಳತೆ) = 1.076 ನ್ಯಾಮೀ⁻¹ನಲ್ಲಿ ಬರಬೇಕು. ಖಾಲಿ ಹೋಲ್ಡರ್‌ನ ಮಾಪನ, ಮತ್ತು ಫಿಲ್ಮ್ ಹಾಗೂ ಖಾಲಿ ಹೋಲ್ಡರ್ ಎರಡರ ಟ್ರಾನ್ಸ್‌ಮಿಷನ್ (ಆರಪಾರ ಹೋಗುವ ಕಿರಣದ ಪಾಲು) ತೆಗೆದುಕೊಳ್ಳದೆ ಯಂತ್ರ ಬಿಡಬೇಡಿ.

ಈಗ ಓದುವ ಕೆಲಸ. ಮೊದಲ ಪೀಕ್ ಕ್ಯೂ = 0.25 ನ್ಯಾಮೀ⁻¹ನಲ್ಲಿ ಬಂತೆನ್ನಿ; ತಾಮ್ರದ 0.154 ನ್ಯಾಮೀ ಕಿರಣಕ್ಕೆ ಅದು 2ಥೀಟಾದಲ್ಲಿ (ಕಿರಣ ತಿರುಗುವ ಕೋನ) ಬರೀ 0.35 ಡಿಗ್ರಿ, ದೊಡ್ಡ ಕೋನಗಳನ್ನು ಅಳೆಯುವ ಸಾಮಾನ್ಯ ಎಕ್ಸ್‌ಆರ್‌ಡಿ ಮುಟ್ಟದ ಜಾಗ. ಸಾಲುಗಳ ಅಂತರ 2π/0.25 ಅಂದರೆ 25 ನ್ಯಾಮೀ. ಇಷ್ಟರಿಂದ ರಚನೆ ತಿಳಿಯದು. 0.433 (ಮೊದಲ ಪೀಕ್‌ನ √3 ಪಟ್ಟು), 0.50 (2), 0.661 (√7) ಸಿಕ್ಕರೆ ಷಟ್ಕೋನದಲ್ಲಿ ಜೋಡಿಸಿದ ಸಿಲಿಂಡರ್‌ಗಳು, 0.354ರಲ್ಲಿ (√2) ಪೀಕ್ ಇದ್ದರೆ ಗೋಳಗಳ ಬಿಸಿಸಿ ಜೋಡಣೆಯನ್ನು (ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಗೋಳ) ಪರಿಗಣಿಸಿ. ಸಿಲಿಂಡರ್ ಕೇಂದ್ರಗಳ ಅಂತರ 25 × 2/√3, ಅಂದರೆ 29 ನ್ಯಾಮೀ. ತೂಕದ 22% ಸ್ಟೈರೀನ್ ಗಾತ್ರದಲ್ಲಿ ಸುಮಾರು 20%. ಅದರಿಂದ ಸಿಲಿಂಡರ್ ತ್ರಿಜ್ಯ 6.8 ನ್ಯಾಮೀ. ಈ ತ್ರಿಜ್ಯಕ್ಕೆ ಒಂಟಿ ಸಿಲಿಂಡರ್‌ನ ಚದುರುವಿಕೆ 0.56ರ ಸುತ್ತ ಸೊನ್ನೆಯಾಗುವುದರಿಂದ '2'ರ ಪೀಕ್ ಕುಗ್ಗಿಯೇ ಬರುತ್ತದೆ. ಅದು ಕಾಣಲಿಲ್ಲವೆಂದು ಷಟ್ಕೋನವನ್ನು ತಳ್ಳಿಹಾಕಬೇಡಿ, √7 ಹುಡುಕಿ.

ಉಂಗುರ ಒಂದೇ ಸಮವಾಗಿರದೆ ಚುಕ್ಕೆಗಳಾಗಿದ್ದರೆ ಸಿಲಿಂಡರ್‌ಗಳು ಫಿಲ್ಮ್‌ನಲ್ಲಿ ಒಂದೇ ದಿಕ್ಕಿಗೆ ಮಲಗಿವೆ ಎಂದರ್ಥ. ಆಗ ಸುತ್ತಲಿನ ಸರಾಸರಿ ತೆಗೆದು ಪೀಕ್ ಎತ್ತರಗಳನ್ನು ಹೋಲಿಸಬಾರದು. ಫಿಲ್ಮನ್ನು ತಿರುಗಿಸಿ ಇನ್ನೊಂದು ಕೋನದಿಂದಲೂ ಅಳೆಯಬೇಕು.