ಕನ್ನಡಿಯಲ್ಲಿ ಪೊಲೀಸ್ ದೀಪ ಕಂಡಾಗ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಫ್ರೀಮಾಂಟ್, ಸನಿವೇಲ್, ಮಿಲ್ಪಿಟಸ್ ಮೊದಲಾದ ಊರುಗಳಿಗೆ ಹೊಸದಾಗಿ ಬರುವ ಕನ್ನಡಿಗರು ಬಾಡಿಗೆ ಮನೆ, ಮಕ್ಕಳ ಶಾಲೆ, ಒಳ್ಳೆಯ ಸೋನಾ ಮಸೂರಿ ಸಿಗುವ ಅಂಗಡಿ, ಇವೆಲ್ಲವನ್ನೂ ಮೊದಲ ವಾರದಲ್ಲೇ ವಿಚಾರಿಸುತ್ತಾರೆ. ರಸ್ತೆಯಲ್ಲಿ ಪೊಲೀಸ್ ಕಾರು ಎದುರಾದರೆ ಏನು ಮಾಡಬೇಕೆಂದು ಮಾತ್ರ, ಹಿಂದಿನ ಕನ್ನಡಿಯಲ್ಲಿ ಅದರ ದೀಪ ಮಿನುಗುವ ದಿನದವರೆಗೆ, ಯಾರೂ ಕೇಳುವುದಿಲ್ಲ. ನಾನು ಇಲ್ಲಿ ಕಾರು ಓಡಿಸತೊಡಗಿ ಇಪ್ಪತ್ತು ವರ್ಷ ದಾಟಿದೆ; ಹೊಸಬರ ತಪ್ಪುಗಳಲ್ಲಿ ಬಹುಪಾಲು ಊರಿನ ರಸ್ತೆಯಲ್ಲಿ ಕೈಕಾಲಿಗೆ ಅಂಟಿದ ಅಭ್ಯಾಸದಿಂದಲೇ ಆಗುತ್ತವೆ ಎಂಬುದು ನನ್ನ ಅನುಭವ. ಇಲ್ಲಿ ಹೇಳುವುದು ಕ್ಯಾಲಿಫೋರ್ನಿಯಾದ ಕಾನೂನು. ಟೆಕ್ಸಾಸಿಗೋ ನ್ಯೂಜೆರ್ಸಿಗೋ ಹೋಗುವವರು ಅಲ್ಲಿನ ಚಾಲಕರ ಕೈಪಿಡಿಯನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಆ ಅಭ್ಯಾಸಗಳಲ್ಲಿ ಮೊದಲನೆಯದು ಎಡಕ್ಕೆ ಸರಿಯುವುದು. ಭಾರತದಲ್ಲಿ ನಾವು ಎಡಬದಿಯಲ್ಲಿ ಓಡಿಸಿದವರು. ಗಾಬರಿಯಾದಾಗ ಅಂಚಿಗೆ ಹೋಗಬೇಕೆಂದರೆ ಕೈ ತಾನಾಗಿಯೇ ಸ್ಟೇರಿಂಗನ್ನು ಎಡಕ್ಕೆ ಎಳೆಯುತ್ತದೆ. ಇಲ್ಲಿ ಎಡಕ್ಕಿರುವುದು ವೇಗದ ಲೇನು, ಅದರಾಚೆ ರಸ್ತೆಯ ನಡುವಿನ ತಡೆಗೋಡೆ. ಸೈರನ್ ಕೂಗುತ್ತ, ಕೆಂಪು ದೀಪ ಉರಿಸುತ್ತ ಪೊಲೀಸ್ ಕಾರಾಗಲಿ, ಅಗ್ನಿಶಾಮಕ ವಾಹನವಾಗಲಿ, ಆಂಬುಲೆನ್ಸಾಗಲಿ ಬರುತ್ತಿದ್ದರೆ ರಸ್ತೆಯ ಬಲ ಅಂಚಿಗೆ ಸರಿದು, ಪೂರ್ತಿ ನಿಂತು, ಅದು ದಾಟಿಹೋಗುವವರೆಗೆ ನಿಂತೇ ಇರಬೇಕೆಂದು ಇಲ್ಲಿನ ವಾಹನ ಸಂಹಿತೆಯ 21806ನೇ ಕಲಮು ಹೇಳುತ್ತದೆ. ನಿಧಾನವಾಗಿ ಉರುಳುತ್ತ ಹೋದರೆ ಸಾಲದು. ಚೌಕದೊಳಗೆ ನಿಲ್ಲಲೂ ಬಾರದು. ಈಗಾಗಲೇ ಚೌಕದ ನಡುವೆ ಸಿಕ್ಕಿಕೊಂಡಿದ್ದರೆ ಅದನ್ನು ದಾಟಿ, ಆಚೆ ಬದಿಯಲ್ಲಿ ಬಲಕ್ಕೆ ನಿಲ್ಲಬೇಕು.

ದಾರಿ ಬಿಡಬೇಕೆಂಬ ಕಾನೂನು ನಮಗೆ ಹೊಸದೇನಲ್ಲ. 2019ರಲ್ಲಿ ತಿದ್ದುಪಡಿಯಾದ ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿಯವರೆಗೂ ದಂಡವಿದೆ. ಆದರೆ ಬೆಂಗಳೂರಿನ ದಟ್ಟಣೆಯಲ್ಲಿ ದಾರಿ ಬಿಡುವುದೆಂದರೆ ಸಿಕ್ಕ ಸಂದಿಯಲ್ಲಿ ತೂರಿಕೊಂಡು ಮುಂದೆ ಹೋಗುವುದು. ಕೆಲವರು ಆಂಬುಲೆನ್ಸಿನ ಬಾಲ ಹಿಡಿದು ತಾವೂ ಸಿಗ್ನಲ್ ದಾಟುವುದುಂಟು. ಆ ಜಾಣತನ ಇಲ್ಲಿ ನೇರವಾಗಿ ಅಪರಾಧ. ತುರ್ತು ಕೆಲಸಕ್ಕೆ ಹೊರಟ ವಾಹನದ ಹಿಂದೆ 300 ಅಡಿಯೊಳಗೆ, ಎಂದರೆ ಸುಮಾರು 90 ಮೀಟರಿನೊಳಗೆ, ಯಾರೂ ಹಿಂಬಾಲಿಸುವಂತಿಲ್ಲ.

ಓಡುವ ಪೊಲೀಸ್ ಕಾರಿನ ವಿಷಯ ಇಷ್ಟಾದರೆ, ನಿಂತ ಪೊಲೀಸ್ ಕಾರಿನ ನಿಯಮವನ್ನು ಹಳಬರೂ ಮರೆಯುತ್ತಾರೆ. ಫ್ರೀವೇಯ ಬದಿಯಲ್ಲಿ ದೀಪ ಮಿನುಗಿಸುತ್ತ ಪೊಲೀಸ್ ಕಾರೋ, ಹಳದಿ ದೀಪದ ಟೋ ಟ್ರಕ್ಕೋ, ರಸ್ತೆ ದುರಸ್ತಿಯ ವಾಹನವೋ ನಿಂತಿದ್ದರೆ, ಅದಕ್ಕೆ ತಾಗಿಕೊಂಡ ಲೇನನ್ನು ಬಿಟ್ಟು ಒಂದು ಲೇನು ಆಚೆಗೆ ಸರಿಯಬೇಕು. ಪಕ್ಕದ ಲೇನಿನಲ್ಲಿ ಜಾಗವಿಲ್ಲದೆ ಸರಿಯಲಾಗದಿದ್ದರೆ ಆ ಸನ್ನಿವೇಶಕ್ಕೆ ತಕ್ಕಷ್ಟು ವೇಗ ಇಳಿಸಬೇಕು. 2025ರ ಜನವರಿ 1ರಿಂದ ಈ ನಿಯಮ, ಅಪಾಯಸೂಚಕ ದೀಪ ಹಾಕಿಕೊಂಡು ಬದಿಯಲ್ಲಿ ನಿಂತ ಯಾವುದೇ ಕಾರಿಗೂ ಅನ್ವಯಿಸುತ್ತದೆ. ಇಂಥ ಕಾನೂನು ಮೊದಲು ಬಂದದ್ದು 1996ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಅಪಘಾತವೊಂದರ ಸ್ಥಳದಲ್ಲಿ ಕೆಲಸದಲ್ಲಿದ್ದ ಆಂಬುಲೆನ್ಸ್ ಸಿಬ್ಬಂದಿಯೊಬ್ಬರಿಗೆ ಕಾರು ಬಡಿದು, ತಪ್ಪು ಅವರದೇ ಎಂದು ವರದಿ ಬರೆದಿದ್ದರಂತೆ. ಆ ಗಾಯಾಳುವೇ ಹಟ ಹಿಡಿದು ಹೋರಾಡಿ ಕಾನೂನು ಮಾಡಿಸಿದರು. 2012ರಲ್ಲಿ ಹವಾಯಿಯೂ ಸೇರಿದ ಮೇಲೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದು ಜಾರಿಯಲ್ಲಿದೆ. ರಸ್ತೆಯಂಚಿನಲ್ಲಿ ನಿಂತು ಯಾರದೋ ಕಾರಿನ ಕಿಟಕಿಗೆ ಬಾಗಿರುವ ಅಧಿಕಾರಿಯ ಬೆನ್ನ ಹಿಂದೆ ಗಂಟೆಗೆ 65 ಮೈಲಿ ವೇಗದಲ್ಲಿ ಎರಡು ಟನ್ ತೂಕದ ಗಾಡಿ ಹಾದುಹೋಗುವುದನ್ನು ಒಮ್ಮೆ ನೆನೆಸಿಕೊಂಡರೆ ಈ ನಿಯಮಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೊಸಬರನ್ನು ದಿಗಿಲುಗೊಳಿಸುವ ಇನ್ನೊಂದು ದೃಶ್ಯವೂ ಇದೆ. 880ನೇ ಹೆದ್ದಾರಿಯಲ್ಲೋ 101ರಲ್ಲೋ ಹೋಗುತ್ತಿರುವಾಗ, ಮುಂದೆ ಹೆದ್ದಾರಿ ಪೊಲೀಸರ ಕಪ್ಪು-ಬಿಳಿ ಕಾರೊಂದು ದೀಪ ಹಾಕಿಕೊಂಡು ಎಲ್ಲ ಲೇನುಗಳನ್ನೂ ಅಡ್ಡಡ್ಡವಾಗಿ, ಹಾವು ಹರಿದಂತೆ, ಈ ಬದಿಯಿಂದ ಆ ಬದಿಗೆ ಸುತ್ತತೊಡಗುತ್ತದೆ. ಚಾಲಕನಿಗೇನೋ ಆಗಿದೆ ಎಂದು ಹೆದರಬೇಕಿಲ್ಲ. ಮುಂದೆ ಅಪಘಾತವೋ, ರಸ್ತೆಗೆ ಬಿದ್ದ ಏಣಿಯೋ ಹಾಸಿಗೆಯೋ ಇದ್ದು, ಅದನ್ನು ತೆಗೆಯುವಷ್ಟು ಹೊತ್ತು ಸಂಚಾರವನ್ನು ನಿಧಾನಗೊಳಿಸುವ ಕ್ರಮ ಅದು. ಆ ಕಾರನ್ನು ದಾಟಲು ಯತ್ನಿಸದೆ, ಅಪಾಯಸೂಚಕ ದೀಪ ಹಾಕಿ, ಅದರ ವೇಗಕ್ಕೇ ಇಳಿದು ಹಿಂದೆ ಬರಬೇಕು. ಸುಮ್ಮನೆ ತನ್ನ ಪಾಡಿಗೆ ಹೋಗುತ್ತಿರುವ ಪೊಲೀಸ್ ಕಾರಿನ ಮಾತು ಬೇರೆ: ವೇಗಮಿತಿಯೊಳಗೆ ಇದ್ದುಕೊಂಡು ಅದನ್ನು ದಾಟಿ ಹೋದರೆ ಯಾವ ತಪ್ಪೂ ಇಲ್ಲ. ಅದರ ಹಿಂದೆ ಜನ ಮದುವೆ ಮೆರವಣಿಗೆಯಂತೆ ಸಾಲುಗಟ್ಟಿ ತೆವಳುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಇನ್ನು ಪೊಲೀಸರು ನಿಮ್ಮನ್ನೇ ನಿಲ್ಲಿಸುವ ಪ್ರಸಂಗ. ನಾನು ಬಂದ ಎರಡನೆಯ ತಿಂಗಳಲ್ಲಿ ವಸತಿ ಬಡಾವಣೆಯೊಂದರ ಸ್ಟಾಪ್ ಫಲಕದ ಮುಂದೆ, ಯಾರೂ ಇಲ್ಲವಲ್ಲ ಎಂದು, ಪೂರ್ತಿ ನಿಲ್ಲಿಸದೆ ಕಾರನ್ನು ಉರುಳಿಸಿಕೊಂಡು ಹೋದೆ. ಹಿಂದೆ ದೀಪ ಮಿನುಗಿತು. ಬಲಕ್ಕೆ ನಿಲ್ಲಿಸುವಷ್ಟು ಬುದ್ಧಿಯೇನೋ ಓಡಿತು, ಆದರೆ ಆಮೇಲೆ ಮಾಡಿದ್ದು ಮೈಸೂರಿನಲ್ಲಿ ಕಲಿತದ್ದು. ಅಲ್ಲಿ ಟ್ರಾಫಿಕ್ ಪೊಲೀಸರು ಕೈ ತೋರಿಸಿದರೆ ಗಾಡಿ ಸ್ಟ್ಯಾಂಡ್ ಹಾಕಿ, ದಾಖಲೆ ಹಿಡಿದುಕೊಂಡು, ನಾವೇ ಅವರ ಬಳಿಗೆ ನಡೆದುಹೋಗುವುದು ಮರ್ಯಾದೆ. ಕುಳಿತಲ್ಲೇ ಕುಳಿತಿದ್ದರೆ ಸೊಕ್ಕು ಎನ್ನಿಸಿಕೊಳ್ಳುತ್ತದೆ. ಅದೇ ವಿನಯದಿಂದ ನಾನು ಬಾಗಿಲು ತೆರೆದು ಕೆಳಗಿಳಿದು, ಜೇಬಿನಿಂದ ಪರ್ಸ್ ತೆಗೆಯುತ್ತ ಎರಡು ಹೆಜ್ಜೆ ಇಟ್ಟೆ. ಕಾರಿನೊಳಕ್ಕೆ ಹೋಗು ಎಂದು ಧ್ವನಿವರ್ಧಕದಲ್ಲಿ ಬಂದ ಗುಡುಗು ಇಂದಿಗೂ ಕಿವಿಯಲ್ಲಿದೆ. ಹತ್ತಿರ ಬಂದಾಗ ಅವರ ಒಂದು ಕೈ ಸೊಂಟದ ಬಳಿಯೇ ಇತ್ತು. ಜನಸಾಮಾನ್ಯರ ಕೈಯಲ್ಲೂ ಬಂದೂಕಿರುವ ದೇಶದಲ್ಲಿ, ಕಾರಿನಿಂದಿಳಿದು ಜೇಬಿಗೆ ಕೈಹಾಕುತ್ತ ಬರುವ ಅಪರಿಚಿತ ವಿನಯವಂತನೋ ಅಪಾಯಕಾರಿಯೋ ಎಂಬುದು ಅವರಿಗೆ ತಿಳಿಯುವ ಬಗೆಯಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಆದ್ದರಿಂದ, ಹಿಂದೆ ದೀಪ ಕಂಡೊಡನೆ ಬಲಗಡೆಯ ಇಂಡಿಕೇಟರ್ ಹಾಕಿ. ನಾನು ನಿಮ್ಮನ್ನು ನೋಡಿದ್ದೇನೆ ಎಂಬುದಕ್ಕೆ ಅದೇ ಸಂಕೇತ. ಫ್ರೀವೇಯಲ್ಲಿ ಎಡತುದಿಯ ಕಾರ್‌ಪೂಲ್ ಲೇನಿನಲ್ಲಿದ್ದರೂ ಮಧ್ಯದ ಗೋಡೆಯ ಬದಿಗೆ ನಿಲ್ಲದೆ, ಒಂದೊಂದೇ ಲೇನು ದಾಟಿ ಬಲ ಅಂಚಿಗೇ ಬರಬೇಕು. ನಿಲ್ಲಿಸಿದ ಮೇಲೆ ಫೋನು, ಹಾಡು ಎರಡನ್ನೂ ಆರಿಸಿ, ಕಿಟಕಿಯ ಗಾಜು ಇಳಿಸಿ, ರಾತ್ರಿಯಾಗಿದ್ದರೆ ಒಳಗಿನ ದೀಪ ಹಚ್ಚಿ, ಎರಡೂ ಕೈಗಳನ್ನು ಸ್ಟೇರಿಂಗ್ ಮೇಲೆ ಕಾಣುವಂತೆ ಇಟ್ಟುಕೊಂಡು ಕುಳಿತಿರಿ. ಅಧಿಕಾರಿ ಬರುವಷ್ಟರಲ್ಲಿ ದಾಖಲೆ ಹುಡುಕಿಡೋಣ ಎಂದು ಡ್ಯಾಶ್‌ಬೋರ್ಡಿನ ಖಾನೆಗೆ ಬಗ್ಗುವುದು ನಮ್ಮವರ ಸಾಮಾನ್ಯ ಆತುರ. ಅವರು ಕೇಳುವವರೆಗೆ ಕಾಯಿರಿ. ಕೇಳಿದ ಮೇಲೂ, ನೋಂದಣಿ ಪತ್ರ ಈ ಖಾನೆಯಲ್ಲಿದೆ, ತೆಗೆಯುತ್ತೇನೆ ಎಂದು ಮೊದಲು ಹೇಳಿ ಆಮೇಲೆ ಕೈ ಚಾಚಿ. ಫ್ರೀವೇಯಲ್ಲಿ ಅವರು ಹೆಚ್ಚಾಗಿ ಪ್ರಯಾಣಿಕರ ಬದಿಯ ಕಿಟಕಿಗೆ ಬರುತ್ತಾರೆ, ಬೆಚ್ಚಬೇಡಿ. ಲೈಸೆನ್ಸ್, ನೋಂದಣಿ, ವಿಮೆ, ಈ ಮೂರನ್ನು ಕೇಳುತ್ತಾರೆ. ವಿಮೆಯ ಪತ್ರವನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ. ಅಂದಹಾಗೆ, ಈ ರಾಜ್ಯದಲ್ಲಿ ನೆಲೆಸಿದವರು 10 ದಿನಗಳೊಳಗೆ ಇಲ್ಲಿನ ಲೈಸೆನ್ಸಿಗೆ ಹೋಗಬೇಕೆಂಬ ನಿಯಮವಿದೆ. ಊರಿನ ಲೈಸೆನ್ಸಿನಲ್ಲೇ ವರ್ಷಗಟ್ಟಲೆ ಓಡಿಸಬಹುದೆಂದು ಗೆಳೆಯರು ಹೇಳುವ ಮಾತನ್ನು ನಂಬಬೇಡಿ.

2024ರ ಜನವರಿಯಿಂದ, ಏಕೆ ನಿಲ್ಲಿಸಿದೆವೆಂಬ ಕಾರಣವನ್ನು ಬೇರೆ ಪ್ರಶ್ನೆಗಳಿಗೆ ಮೊದಲೇ ಅಧಿಕಾರಿ ಹೇಳಬೇಕೆಂಬುದು ಇಲ್ಲಿನ ಕಾನೂನು. ಕೆಳಗಿಳಿಯಲು ಅವರೇ ಹೇಳಿದರೆ ಇಳಿಯಲೇಬೇಕು. 1977ರಲ್ಲಿ ಚಾಲಕರ ವಿಷಯದಲ್ಲಿ, 1997ರಲ್ಲಿ ಪ್ರಯಾಣಿಕರ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೊಲೀಸರಿಗೆ ಆ ಅಧಿಕಾರವಿದೆ ಎಂದು ತೀರ್ಪಿತ್ತಿದೆ. ಕಾರಿನ ಒಳಗೆ ಹುಡುಕಬಹುದೇ ಎಂದು ಒಪ್ಪಿಗೆ ಕೇಳಿದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಆ ಮಾತನ್ನು ತಣ್ಣಗೆ ಹೇಳಿ, ಕೈ ಅಡ್ಡ ತರಬೇಡಿ.

ಹಣದ ವಿಷಯ ಮುಜುಗರದ್ದಾದರೂ ಹೇಳದೆ ಗತಿಯಿಲ್ಲ. ದಂಡವನ್ನು ರಸ್ತೆಯಲ್ಲಿ ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ಏನಾದರೂ ನೋಡಿ ಸರ್, ಇಲ್ಲೇ ಮುಗಿಸಿಬಿಡೋಣ ಎಂಬ ಧಾಟಿಯ ಮಾತು ಹಾಸ್ಯಕ್ಕೂ ಬೇಡ. ಲಂಚ ಕೊಡಲು ಮುಂದಾಗುವುದು ಇಲ್ಲಿ ಸೆರೆವಾಸದ ಅಪರಾಧ. ಲೈಸೆನ್ಸಿನ ಜತೆ ಮಡಚಿಟ್ಟ ನೋಟು ಅಕಸ್ಮಾತ್ತಾಗಿ ಕೈಗೆ ಬಂದರೂ ಅರ್ಥ ಬೇರೆಯಾಗುತ್ತದೆ, ಆದ್ದರಿಂದ ಲೈಸೆನ್ಸನ್ನು ಪರ್ಸಿನಿಂದ ಬಿಡಿಸಿ ಕಾರ್ಡು ಮಾತ್ರ ಕೊಡಿ.

ಊರಿನಿಂದ ತಂದೆತಾಯಿ ಬಂದಾಗ ಈ ಪಾಠವನ್ನು ಅವರಿಗೂ ಮೊದಲೇ ಹೇಳಿಡುವುದು ಒಳ್ಳೆಯದು. ನಮ್ಮ ಅಮ್ಮ ಹಿಂದಿನ ಸೀಟಿನಲ್ಲಿದ್ದಾಗ ಒಮ್ಮೆ ನನ್ನ ಕಾರಿನ ಹಿಂಬದಿ ದೀಪ ಕೆಟ್ಟಿದೆಯೆಂದು ನಿಲ್ಲಿಸಿದ್ದರು. ಮಗನಿಗೇನೋ ಆಯಿತೆಂದು ಅಮ್ಮ ಬಾಗಿಲ ಚಿಲಕಕ್ಕೆ ಕೈ ಹಾಕಿದರು, ಇನ್ನೊಂದು ಕೈ ಚೀಲದೊಳಗೆ ಪಾಸ್‌ಪೋರ್ಟ್ ಹುಡುಕುತ್ತಿತ್ತು. ‘ಅಮ್ಮಾ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರು’ ಎಂದು ನಾನು ಕನ್ನಡದಲ್ಲಿ ಹೇಳಿದೆ. ಆಮೇಲೆ, ಇವರು ನನ್ನ ತಾಯಿ, ಇಂಗ್ಲಿಷ್ ಬರುವುದಿಲ್ಲ ಎಂದು ಅಧಿಕಾರಿಗೂ ತಿಳಿಸಿದೆ. ಆತ ಎಚ್ಚರಿಕೆ ಕೊಟ್ಟು ಬಿಟ್ಟರು. ದಾರಿಯುದ್ದಕ್ಕೂ ಅಮ್ಮನ ಪ್ರಶ್ನೆ ಒಂದೇ: ಅಷ್ಟು ದೊಡ್ಡವರು ಬಂದಾಗ ನೀನು ಎದ್ದು ನಿಲ್ಲಲೂ ಇಲ್ಲವಲ್ಲ?

ನಿಲ್ಲಿಸಿದವರು ನಿಜವಾದ ಪೊಲೀಸರೇ ಎಂಬ ಸಂದೇಹ ಕೆಲವರಿಗೆ, ಅದರಲ್ಲೂ ರಾತ್ರಿ ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ, ಬರುವುದು ಸಹಜ. ಆಗ ಅಪಾಯಸೂಚಕ ದೀಪ ಹಾಕಿ, ವೇಗ ಇಳಿಸಿ, ತುರ್ತು ಸಹಾಯದ 911 ಸಂಖ್ಯೆಗೆ ಕರೆ ಮಾಡಿ ಎಲ್ಲಿದ್ದೀರೆಂದು ಹೇಳಿ, ಬೆಳಕಿರುವ ಹತ್ತಿರದ ಜಾಗಕ್ಕೆ ಹೋಗಿ ನಿಲ್ಲಿ. ಏನೂ ಸೂಚನೆ ಕೊಡದೆ ಓಡಿಸುತ್ತಲೇ ಹೋದರೆ ತಪ್ಪಿಸಿಕೊಂಡು ಓಡಿದಿರಿ ಎಂದಾಗುತ್ತದೆ.

ಟಿಕೆಟ್, ಎಂದರೆ ತಪ್ಪಿನ ಚೀಟಿ, ಬರೆದುಕೊಟ್ಟರೆ ಸಹಿ ಕೇಳುತ್ತಾರೆ. ಆ ಸಹಿ ತಪ್ಪೊಪ್ಪಿಗೆಯಲ್ಲ. ಕೋರ್ಟಿಗೆ ಉತ್ತರ ಕೊಡುತ್ತೇನೆಂಬ ಮಾತು ಮಾತ್ರ. ಸಹಿ ಮಾಡುವುದಿಲ್ಲವೆಂದು ಹಟ ಹಿಡಿದರೆ ಬಂಧಿಸಲು ಅವಕಾಶವಿದೆ. ನಿಮ್ಮದು ತಪ್ಪಿಲ್ಲವೆನಿಸಿದರೆ ವಾದಿಸುವ ಜಾಗ ರಸ್ತೆಯಂಚಲ್ಲ. ಕೋರ್ಟಿಗೆ ಹೋಗಬಹುದು, ಇಲ್ಲವೇ ಹೋಗದೆಯೇ ನಿಮ್ಮ ಹೇಳಿಕೆಯನ್ನು ಬರೆದು ಕಳುಹಿಸಿ ತೀರ್ಪು ಪಡೆಯುವ ಏರ್ಪಾಟೂ ಈ ರಾಜ್ಯದಲ್ಲಿದೆ. ಮೂಲ ದಂಡ ಚಿಕ್ಕದೆಂದು ನೆಮ್ಮದಿಪಡಬೇಡಿ. ಅದರ ಮೇಲೆ ಬೀಳುವ ಶುಲ್ಕಗಳು ಅದನ್ನು ಹಲವು ಪಟ್ಟು ಮಾಡುತ್ತವೆ. ಜತೆಗೆ ನಿಮ್ಮ ಚಾಲನಾ ದಾಖಲೆಗೆ ತಪ್ಪಿನ ಪಾಯಿಂಟೂ ಸೇರುತ್ತದೆ. ಸಾಮಾನ್ಯ ತಪ್ಪಿಗೆ 18 ತಿಂಗಳಿಗೊಮ್ಮೆ ಟ್ರಾಫಿಕ್ ಸ್ಕೂಲ್ ಎಂಬ ಚಾಲನಾ ಪಾಠ ಮುಗಿಸಿದರೆ ಆ ಪಾಯಿಂಟು ವಿಮೆ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ. ಹನ್ನೆರಡು ತಿಂಗಳಲ್ಲಿ 4 ಪಾಯಿಂಟು ಸೇರಿದರೆ ಲೈಸೆನ್ಸಿಗೇ ಕುತ್ತು.

ವೀಸಾದ ಮೇಲಿರುವವರಿಗೆ ಒಂದು ಮಾತು ಹೆಚ್ಚಾಗಿ. ಸ್ಟಾಪ್ ಫಲಕ, ವೇಗ ಮುಂತಾದವುಗಳ ಟಿಕೆಟಿಗೆ ಕಂಗೆಡಬೇಕಿಲ್ಲ. ಕುಡಿದು ಓಡಿಸಿ ಸಿಕ್ಕಿಬೀಳುವುದು ಬೇರೆಯೇ ಸಂಗತಿ: ರಕ್ತದಲ್ಲಿ ಮದ್ಯಸಾರ 0.08 ಶೇಕಡಾ ಮುಟ್ಟಿದರೆ ಅಪರಾಧ, ಮತ್ತು ಕೋರ್ಟಿನ ತೀರ್ಪು ಬರುವ ಮೊದಲೇ, ಬಂಧನವಾಯಿತೆಂಬ ಒಂದೇ ಕಾರಣಕ್ಕೆ, ವೀಸಾ ರದ್ದಾಗುವ ಸಾಧ್ಯತೆಯಿದೆ. ಮುಂದೊಂದು ದಿನ ಪೌರತ್ವಕ್ಕೆ ಅರ್ಜಿ ಹಾಕುವಾಗ ಪೊಲೀಸರೊಂದಿಗೆ ನಡೆದ ಇಂಥ ಪ್ರಸಂಗಗಳ ಪ್ರಶ್ನೆಯೂ ಬರುತ್ತದೆ. ಹೀಗಾಗಿ ಟಿಕೆಟ್, ದಂಡ ಕಟ್ಟಿದ ರಸೀದಿ, ಟ್ರಾಫಿಕ್ ಸ್ಕೂಲಿನ ಪ್ರಮಾಣಪತ್ರ ಇವನ್ನು ಪಾಸ್‌ಪೋರ್ಟ್ ಇಡುವ ಕಡತದಲ್ಲೇ ಸೇರಿಸಿಡಿ. ನನ್ನ ಸ್ಟಾಪ್ ಫಲಕದ ಟಿಕೆಟಿನ ಹಳದಿ ಪ್ರತಿ, ಶಾಯಿ ಮಾಸಿದ್ದರೂ, ಈಗಲೂ ಅಲ್ಲೇ ಇದೆ.